ಎಂಟನೆಯ ಕಾರಿಡಾರು

ದುರೆಸ್ ಬಂದರಿನಲ್ಲಿ ಬೆಳಗಿನ ಜಾವದ ಲೋಡು:
ಇಟಲಿಯ ಟೈಲ್ಸು, ಇಪ್ಪತ್ತೆರಡು ಟನ್ನು,
ಬುರ್ಗಾಸಿನ ಯಾರದೋ ಬಚ್ಚಲುಮನೆಗೆ.
ಈ ಕಡಲಿನ ಉಪ್ಪು ಗಾಜಿನ ಮೇಲೆ ಒಣಗುವುದರೊಳಗೆ
ಆ ಕಡಲು ಮುಟ್ಟಬೇಕು,
ಕಾಗದದ ಪ್ರಕಾರ.

ಕಾಗದದಲ್ಲಿ ಈ ದಾರಿಗೆ ನಂಬರಿದೆ, ಹೆಸರಿದೆ:
ಎಂಟನೆಯ ಕಾರಿಡಾರು.
ಕ್ರಿವಾ ಪಲಾಂಕದ ತ್ರಾಯಾಂಕ ಕೇಳಿ ನಕ್ಕಳು.
"ಕಾರಿಡಾರು ಅಂದರೆ ಆಸ್ಪತ್ರೆಯಲ್ಲಿ ಬೆಂಚು ಹಾಕಿರುತ್ತಾರಲ್ಲ,
ಒಳಗಿನ ಸುದ್ದಿ ಹೊರಗೆ ಬರುವ ತನಕ
ಸ್ವಂತ ಚಪ್ಪಲಿ ನೋಡುತ್ತ ಕೂರುವ ಜಾಗ, ಅದು ತಾನೆ?
ಸರಿಯಾಗೇ ಹೆಸರಿಟ್ಟಿದ್ದಾರೆ ಬಿಡು."

ಅವಳ ಹಿತ್ತಲಿನಲ್ಲಿ ರೈಲಿನವರು ಮೂರು ಸಲ ಗೂಟ ನೆಟ್ಟರು.
ಯುದ್ಧಕಾಲದ್ದನ್ನು ಅವಳ ಮಾವ ಕಿತ್ತು
ಕೊಟ್ಟಿಗೆಗೆ ಅಗಳಿ ಮಾಡಿದ.
ಎರಡನೆಯದು ಒಂದು ಕೆಟ್ಟ ಚಳಿಗಾಲದಲ್ಲಿ ಒಲೆಗೆ ಹೋಯಿತು.
ಈ ಸಲದವು ಪ್ಲಾಸ್ಟಿಕ್ಕು, ತುದಿಗೆ ಕಿತ್ತಳೆ ಬಣ್ಣ,
ಉರಿಯುವುದಿಲ್ಲ.
ಹುರುಳಿಕಾಯಿ ಬಳ್ಳಿ ಹಬ್ಬಿಸಿದ್ದಾಳೆ.
"ರೈಲು ಬಂದ ದಿನ ಬಿಡಿಸಿಕೊಳ್ಳುತ್ತೇನೆ, ಬಲಿಯಲಿ."
ಊರಿಗೆ ಬಂದವಳು ನೀರಿಗೆ ಬರುವುದಿಲ್ಲವೆ ಅನ್ನುತ್ತಾರೆ.
ಇದು ಇನ್ನೂ ಊರಿಗೇ ಬಂದಿಲ್ಲ.

ಗುಡ್ಡದ ಆಚೆ ಗ್ಯುಯೆಶೆವೊ.
ಸೋಫಿಯಾ ಕಡೆಯ ಹಳಿ ಅಲ್ಲಿಗೆ ಬಂದು ನಿಂತಿದೆ
ಹೊಸ್ತಿಲ ತನಕ ಬಂದು ಯಾರೂ ಒಳಗೆ ಕರೆಯದ ನೆಂಟನ ಹಾಗೆ.
ಸುರಂಗ ಕೊರೆಯುತ್ತ ಕೊರೆಯುತ್ತ ಯಾವುದೋ ಸರಕಾರ ಬಿತ್ತು.
ಕೆಲಸ ಅರ್ಧಕ್ಕೆ ನಿಂತಿತು,
ಕತ್ತಲು ಪೂರ್ತಿ ಬಂತು, ಬಾವಲಿಗಳೂ.

ಅಲ್ಲಿ ಮೆತೋದಿ. ಗ್ಯಾಂಗ್‌ಮನ್ ಆಗಿದ್ದವ.
ಸಮವಸ್ತ್ರ ವಾಪಸು ಕೊಟ್ಟ, ಸೀಟಿ ವಾಪಸು ಕೊಟ್ಟ,
ಸುತ್ತಿಗೆ ಕಳೆದುಹೋಯಿತೆಂದು ಬರೆದುಕೊಟ್ಟ.
ಅವನ ಅಜ್ಜಿ, ತ್ರಾಯಾಂಕಳ ಅಜ್ಜಿ ಒಂದೇ ತೊಟ್ಟಿಲಲ್ಲಿ ಬೆಳೆದವರು,
ಗಡಿ ಹುಟ್ಟಿದ್ದು ಆಮೇಲೆ.
ಇವರಿಬ್ಬರು ಮುಖ ನೋಡಿಕೊಂಡದ್ದು ಎರಡು ಸಲ.
ಎರಡು ಸಲವೂ ಯಾರೋ ಸತ್ತಿದ್ದರು.
ಇಬ್ಬರ ಮಾತೂ ಒಂದೇ ಅನ್ನಬಾರದು, ಬೇರೆ ಅನ್ನಲೂಬಾರದು.
ನಾನು ಆ ಗೋಜಿಗೆ ಹೋಗುವುದಿಲ್ಲ:
ನನ್ನದು ಅಲ್ಬೇನಿಯನ್, ಲಾರಿಯದು ಸ್ವೀಡಿಶ್.

ಪಕ್ಕದ ಸೀಟಿನಲ್ಲಿ ಅವಳು ಕೊಟ್ಟ ಗಾಜಿನ ಭರಣಿ,
ಕೆಂಪು ಮೆಣಸಿನಕಾಯಿ ಸುಟ್ಟು ಅರೆದ ಐವಾರ್.
ಬೆಲ್ಟು ಹಾಕಿದ್ದೇನೆ, ಬಸುರಿಯನ್ನು ಕೂರಿಸಿಕೊಂಡಂತೆ ತಿರುವುಗಳಲ್ಲಿ ನಿಧಾನ.

ದೇವೆ ಬೈರ್. ಹಳೆಯ ತುರ್ಕಿ ಮಾತಿನಲ್ಲಿ ಒಂಟೆ ಗುಡ್ಡ.
ಒಂಟೆಗಳು ದಾಟುತ್ತಿದ್ದವಂತೆ.
ನನ್ನ ಮುಂದೆ ಮೂವತ್ತೊಂದು ಲಾರಿ.
ಒಬ್ಬ ಸ್ಟವ್ ಹಚ್ಚಿ ಮೊಟ್ಟೆ ಒಡೆದ,
ಒಬ್ಬ ಫೋನಿನಲ್ಲಿ ಮಗಳ ಗಣಿತ ತಿದ್ದುತ್ತಿದ್ದ, ತಪ್ಪು ತಪ್ಪಾಗಿ.
ಮಧ್ಯಾಹ್ನ ಇಳಿಯಿತು.

"ಇದೇನು?" ಕಟ್ಟೆಯವನು ಭರಣಿ ಎತ್ತಿದ.
"ಕಾಗದದಲ್ಲಿಲ್ಲ."
ಮುಚ್ಚಳ ತಿರುವಿ ಮೂಸಿದ.
ಯಾರದೋ ಅಡುಗೆಮನೆ ಅವನ ಮುಖದ ಮೇಲೆ ಹಾದು ಹೋಯಿತು.
ಮುಚ್ಚಿ ಕೊಟ್ಟು, ಟೈಲ್ಸಿಗೆ ಮುದ್ರೆ ಒತ್ತಿದ.

ಮೆತೋದಿ ಹಳಿಯ ತುದಿಯಲ್ಲೇ ಕೂತಿದ್ದ.
ದಿನಾ ಬೆಳಿಗ್ಗೆ ಎಂಟಕ್ಕೆ ಅಲ್ಲಿ ಸುತ್ತಿಗೆಯಿಂದ ಮೂರು ಏಟು ಬಡಿಯುತ್ತಾನೆ.
ಹಳಿಗೆ ಕಿವಿಕೊಟ್ಟರೆ ಎರಡು ಸ್ಟೇಷನ್ ಆಚೆಯದೂ ಕೇಳುತ್ತದೆ,
ಹುಡುಗನಾಗಿದ್ದಾಗ ಕೇಳಿದ್ದಾನೆ.
ಭರಣಿಯನ್ನು ಕಂಕುಳಿಗೆ ಸೇರಿಸಿ,
ಲಿಂಡನ್ ಹೂವಿನ ಪೊಟ್ಟಣ ನನ್ನ ಕೈಗಿಟ್ಟು, ಎಂದಿನಂತೆ ಕೇಳಿದ:
"ಬಾರ್ಧಿಲ್, ಅವಳಿಗೆ ಕೇಳಿತಂತಾ?"

ಆ ಕಡೆ ಹಳಿಯೇ ಇಲ್ಲ.
ಕಿವಿ ಎಲ್ಲಿಡುತ್ತಾಳೆ, ಹುರುಳಿಕಾಯಿ ಗೂಟಕ್ಕಾ?
"ಕೇಳಿತಂತೆ" ಅಂದೆ.

ರೈಲ್ವೆಯವನು. ಅಷ್ಟಕ್ಕೇ ಬಿಡುವವನಲ್ಲ.
"ಎಷ್ಟು ಹೊತ್ತಿಗೆ?"

ಪಲಾಂಕದ ಗಡಿಯಾರ ಇಲ್ಲಿಗಿಂತ ಒಂದು ಗಂಟೆ ಹಿಂದೆ.
"ಏಳಕ್ಕೆ."

ಬೆರಳು ಮಡಚಿ ಎಣಿಸಿದ,
ಇನ್ನೊಮ್ಮೆ ಎಣಿಸಿದ, ತಲೆದೂಗಿದ:
"ಲೇಟಿಲ್ಲ."